ಮೊದಲ ಗುಳ್ಳೆ ಏಳುವ ಮುನ್ನವೇ

ಕ್ಯಾನ್ಸರ್ ವಿಭಾಗದ ನರ್ಸ್ ಆದ ನನಗೆ ರೋಗಿಗಳ ಮುಖ, ಅಂಗೈ, ಉಗುರು ನೋಡುವುದೇ ದಿನದ ದೊಡ್ಡ ಕೆಲಸ. ಸೆಟುಕ್ಸಿಮ್ಯಾಬ್, ಎರ್ಲೋಟಿನಿಬ್‌ನಂಥ ಔಷಧಗಳು ಗಡ್ಡೆಯ ಕೋಶಗಳಲ್ಲಿರುವ ಇಜಿಎಫ್‌ಆರ್ ಎಂಬ ಗ್ರಾಹಕವನ್ನು (ಬೆಳವಣಿಗೆಯ ಸಂಕೇತ ಹಿಡಿಯುವ ರಿಸೆಪ್ಟರ್) ತಡೆಯುತ್ತವೆ. ಅದೇ ಗ್ರಾಹಕ ಚರ್ಮಕ್ಕೂ ಕೂದಲ ಬುಡಕ್ಕೂ ಬೇಕು. ಹಾಗಾಗಿ ಒಂದೆರಡು ವಾರಗಳಲ್ಲೇ ಮುಖ, ನೆತ್ತಿ, ಎದೆಯ ಮೇಲೆ ಕೀವುಗುಳ್ಳೆಗಳು ಏಳುತ್ತವೆ. ಮೊಡವೆಯೆಂದು ತಿಳಿದು ಮೊಡವೆಯ ಮುಲಾಮು ಹಚ್ಚಿ, ಮೊದಲೇ ಒಣಗಿದ ಚರ್ಮವನ್ನು ಇನ್ನಷ್ಟು ಕೆರಳಿಸಿಕೊಂಡು ಬಂದವರು ಎಷ್ಟೋ ಮಂದಿ.

ನಮ್ಮಲ್ಲಿ ಮೊದಲು ಗುಳ್ಳೆ ಎದ್ದ ಮೇಲೆ ಚರ್ಮತಜ್ಞರಿಗೆ ಚೀಟಿ ಹೋಗುತ್ತಿತ್ತು. ಅವರು ನೋಡುವಷ್ಟರಲ್ಲಿ ಕ್ಯಾನ್ಸರ್ ತಜ್ಞರು ಡೋಸ್ ಇಳಿಸಿರುತ್ತಿದ್ದರು. ಈಗ ಔಷಧ ಶುರುವಾದ ದಿನವೇ ಚರ್ಮದ ಆರೈಕೆಯೂ ಶುರು: ತೇವ ಉಳಿಸುವ ಕ್ರೀಮ್, ಸನ್‌ಸ್ಕ್ರೀನ್, ಹೈಡ್ರೊಕಾರ್ಟಿಸೋನ್ ಎಂಬ ಸೌಮ್ಯ ಸ್ಟೀರಾಯ್ಡ್ ಮುಲಾಮು, ಜೊತೆಗೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ. ಇದೇ ಗುಂಪಿನ ಪ್ಯಾನಿಟುಮುಮ್ಯಾಬ್ ಪಡೆದವರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಸ್ಟೆಪ್ ಅಧ್ಯಯನದಲ್ಲಿ, ಹೀಗೆ ಮುಂಚಿತವಾಗಿ ಆರೈಕೆ ಮಾಡಿದಾಗ ಎರಡನೇ ದರ್ಜೆ ಅಥವಾ ಅದಕ್ಕಿಂತ ತೀವ್ರವಾದ ಚರ್ಮದ ತೊಂದರೆ ಶೇ. 62ರಿಂದ 29ಕ್ಕೆ ಇಳಿಯಿತು. ಗುಳ್ಳೆ ಏಳುವ ಮುನ್ನವೇ ಆರೈಕೆ ಬೇಕೇ ಎಂಬ ನಮ್ಮ ತಂಡದ ವಾದ ಮುಗಿದದ್ದು ಈ ಅಂಕಿಯ ಮುಂದೆ.

ತಂಡವೆಂದರೆ ಸಭೆ ನಡೆಸುವುದಲ್ಲ, ಯಾರು ಯಾವಾಗ ನಿರ್ಧರಿಸಬಹುದು ಎಂಬುದು ಬರಹದಲ್ಲಿರುವುದು. ಎರಡನೇ ವಾರ ನಾನು ಕರೆ ಮಾಡುತ್ತೇನೆ, ಫೋಟೊ ತರಿಸಿಕೊಳ್ಳುತ್ತೇನೆ. ರೋಗಿಯ ಒಂದು ಅಂಗೈ ಮೈಯ ಸುಮಾರು ಶೇ. 1 ಎಂಬ ಲೆಕ್ಕದಲ್ಲಿ ವ್ಯಾಪ್ತಿ ಅಳೆಯುತ್ತೇನೆ. ಶೇ. 10ರೊಳಗಿದ್ದು, ನೋವಾಗಲಿ ಸೋಂಕಾಗಲಿ ಇಲ್ಲದಿದ್ದರೆ, ಒಪ್ಪಿತ ಪಟ್ಟಿಯಂತೆ ನಾನೇ ಕ್ರೀಮ್ ಬದಲಿಸಲು ಹೇಳಬಹುದು. ಅದನ್ನು ಮೀರಿದರೆ ಚರ್ಮತಜ್ಞರು ಅದೇ ವಾರ ನೋಡುತ್ತಾರೆ. ಡೋಸ್‌ನ ಮಾತು ಕ್ಯಾನ್ಸರ್ ತಜ್ಞರದ್ದು ಮಾತ್ರ. ಫಾರ್ಮಸಿಸ್ಟ್ ಅನ್ನು ಮರೆಯಬಾರದು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳ ಜೊತೆಗೇ ಡಾಕ್ಸಿಸೈಕ್ಲಿನ್ ನುಂಗಿದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ ಎಂಬುದನ್ನು ಹಿಡಿಯುವವರು ಅವರೇ.

ನಿಜವಾದ ತೊಡಕು ಮುಚ್ಚಿಡುವ ರೋಗಿಗಳದ್ದು. ‘ಹೇಳಿದರೆ ಔಷಧ ನಿಲ್ಲಿಸುತ್ತೀರಿ’ ಎಂಬ ಭಯ. ‘ಗುಳ್ಳೆ ಎದ್ದರೆ ಔಷಧ ನಾಟುತ್ತಿದೆ’ ಎಂಬ ಮಾತು ಇದಕ್ಕೆ ಗೊಬ್ಬರ ಹಾಕುತ್ತದೆ. ಈ ಗುಂಪಿನ ಔಷಧಗಳಲ್ಲಿ ಅಂಥ ನಂಟು ಕಂಡುಬಂದಿರುವುದು ಹೌದು. ಅದನ್ನು ಸಮಾಧಾನದ ಮಾತಾಗಿ ಬಳಸುವ ವೈದ್ಯರ ಮೇಲೆ ನನಗೆ ಸಿಟ್ಟಿದೆ. ನೋವು ಸಹಿಸಿದರೆ ಫಲ ಹೆಚ್ಚುತ್ತದೆ ಎಂದು ರೋಗಿ ಅರ್ಥ ಮಾಡಿಕೊಳ್ಳುತ್ತಾರೆ. ಅದಕ್ಕೇ ‘ಚರ್ಮ ಹೇಗಿದೆ’ ಎಂದು ಕೇಳುವುದನ್ನು ಬಿಟ್ಟು, ‘ನಿದ್ದೆ ಬರುತ್ತಿದೆಯೇ, ಅಂಗಿಯ ಗುಂಡಿ ಹಾಕಲು ಆಗುತ್ತಿದೆಯೇ’ ಎಂದು ಕೇಳುತ್ತೇನೆ. ಉಗುರುಸುತ್ತು ಇದ್ದವರು ಎರಡನೆಯದಕ್ಕೆ ಸಿಕ್ಕಿಬೀಳುತ್ತಾರೆ.

ಕೇಪ್‌ಸೈಟಬಿನ್ ಎಂಬ ಕೀಮೋಥೆರಪಿ ಮಾತ್ರೆಯಿಂದ ಅಂಗೈ ಅಂಗಾಲು ಉರಿದು ಸಿಪ್ಪೆ ಏಳುವುದಕ್ಕೆ ಈಗ ನೋವಿಗೆ ಹಚ್ಚುವ ಡೈಕ್ಲೊಫೆನಾಕ್ ಜೆಲ್ ಇದೆ. 2024ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅದನ್ನು ಮುಂಚಿತವಾಗಿ ಹಚ್ಚಿದವರಲ್ಲಿ ಎರಡು–ಮೂರನೇ ದರ್ಜೆಯ ತೊಂದರೆ ಶೇ. 15ರ ಬದಲು 3.8ರಷ್ಟಿತ್ತು. ಅಗ್ಗದ ಜೆಲ್ ಎಂದು ಮೂಗು ಮುರಿದವರು ನಮ್ಮ ತಂಡದಲ್ಲೂ ಇದ್ದರು.

ಜ್ವರದ ಜೊತೆ ಬೊಬ್ಬೆ, ಬಾಯಿ ಅಥವಾ ಕಣ್ಣಿನಲ್ಲಿ ಹುಣ್ಣು, ಚರ್ಮ ಸುಲಿಯುವುದು ಕಂಡರೆ ಮಾತ್ರ ನನ್ನ ಕರೆಗೆ ಕಾಯಬಾರದು, ನೇರ ತುರ್ತು ವಿಭಾಗಕ್ಕೆ. ಇಮ್ಯುನೋಥೆರಪಿಯ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ತಿರುಗಿಸುವ ಚಿಕಿತ್ಸೆ) ದದ್ದು, ತುರಿಕೆಗಳು ಚಿಕಿತ್ಸೆ ನಿಂತು ತಿಂಗಳುಗಳ ಮೇಲೂ ತಲೆ ಎತ್ತಬಹುದು. ಹೀಗಾಗಿ ಆ ರೋಗಿಗಳ ಹೆಸರನ್ನು ಕೊನೆಯ ಡೋಸ್ ಆದೊಡನೆ ಕರೆಯ ಪಟ್ಟಿಯಿಂದ ತೆಗೆಯಲು ನಾನು ಬಿಡುವುದಿಲ್ಲ.