ಗ್ರೀಸಿನ ಬೆಟ್ಟದೂರಿನಲ್ಲಿ ದುಡಿಮೆಗೆ ಪ್ರತಿಯಾಗಿ ವಸತಿ: ಸಿದ್ಧತೆ ಹೇಗೆ?

ದಿನಕ್ಕೆ ನಾಲ್ಕೈದು ಗಂಟೆ ದುಡಿದು, ಅದಕ್ಕೆ ಪ್ರತಿಯಾಗಿ ಆತಿಥೇಯರ ಮನೆಯಲ್ಲಿ ಊಟ ಮತ್ತು ವಸತಿ ಪಡೆಯುವ ಏರ್ಪಾಡು ಯುರೋಪಿನಲ್ಲಿ ಹೊಸದಲ್ಲ. ಸಾವಯವ ತೋಟಗಳಿಗೆ ಸ್ವಯಂಸೇವಕರನ್ನು ಒದಗಿಸುವ 'ವೂಫ್' ಜಾಲ 1971ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾಯಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಬಂದ ವರ್ಕ್‌ಅವೇ, ಹೆಲ್ಪ್‌ಎಕ್ಸ್‌ನಂಥ ತಾಣಗಳು ತೋಟದ ಕೆಲಸದ ಜೊತೆಗೆ ಅತಿಥಿಗೃಹ, ಹಳೆಯ ಮನೆಗಳ ದುರಸ್ತಿ, ಕುರಿ ಸಾಕಣೆ ಮುಂತಾದವನ್ನೂ ಸೇರಿಸಿಕೊಂಡವು. ಇವುಗಳಲ್ಲಿ ಗ್ರೀಸಿನ ದ್ವೀಪಗಳಿಗೆ ಬೇಡಿಕೆ ಹೆಚ್ಚು. ಆದರೆ ಕೈಗಳ ಕೊರತೆ ನಿಜವಾಗಿ ಇರುವುದು ಬೆಟ್ಟದ ಊರುಗಳಲ್ಲಿ. 1946ರಿಂದ 1949ರವರೆಗಿನ ಅಂತರ್ಯುದ್ಧದ ಬಹುಪಾಲು ಕದನಗಳು ನಡೆದದ್ದು ಉತ್ತರದ ಪರ್ವತಗಳಲ್ಲಿ. ಅದರ ಬೆನ್ನಿಗೇ ದುಡಿಮೆ ಅರಸಿ ಅಲ್ಲಿನ ಜನ ಆಥೆನ್ಸ್, ಜರ್ಮನಿ, ಆಸ್ಟ್ರೇಲಿಯಾಗಳಿಗೆ ಹೊರಟುಹೋದರು. ಕಲ್ಲಿನ ಮನೆಗಳು ಉಳಿದವು, ಅವುಗಳಲ್ಲಿ ವರ್ಷವಿಡೀ ಇರುವವರು ಕೆಲವರು ಮಾತ್ರ, ಅವರಲ್ಲಿಯೂ ಹೆಚ್ಚಿನವರು ವಯಸ್ಸಾದವರು.

ನಮ್ಮ ಮಲೆನಾಡು, ಕರಾವಳಿಗಳ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ದುಡ್ಡಿಲ್ಲದ ಈ ವಿನಿಮಯ ಅಪರಿಚಿತವೆನಿಸದು. ಆದರೆ ಮುಯ್ಯಿ ನಡೆಯುವುದು ತಲೆಮಾರುಗಳಿಂದ ಪರಸ್ಪರ ಬಲ್ಲ ನೆರೆಮನೆಗಳ ನಡುವೆ. ಇಲ್ಲಿ ಎರಡೂ ಕಡೆಯವರು ಅಪರಿಚಿತರು. ನಗರದಲ್ಲಾದರೆ ಆತಿಥೇಯರೊಂದಿಗೆ ಹೊಂದಿಕೆಯಾಗದಿದ್ದಾಗ ಚೀಲ ಎತ್ತಿಕೊಂಡು ಪಕ್ಕದ ಬೀದಿಯ ಹಾಸ್ಟೆಲಿಗೆ ಹೋಗಬಹುದು. ವಾರಕ್ಕೆ ಒಂದೆರಡು ಬಸ್ಸು ಮಾತ್ರ ಬರುವ ಬೆಟ್ಟದೂರಿನಲ್ಲಿ ಕೋಣೆ, ಅಡುಗೆಮನೆ, ವಾಹನ, ವೈ-ಫೈ ಎಲ್ಲವೂ ಆ ಒಬ್ಬ ಆತಿಥೇಯರ ಕೈಯಲ್ಲೇ. ಆದ್ದರಿಂದ ಈ ಪ್ರವಾಸದ ಮುಖ್ಯ ಕೆಲಸವೆಲ್ಲ ಹೊರಡುವ ಮೊದಲೇ ಮುಗಿಯಬೇಕು.

ಮೊದಲು ಕಾಲ, ಆಮೇಲೆ ಊರು

ಬಹಳ ಜನ ಮೊದಲು ಟಿಕೆಟ್ ಕಾದಿರಿಸಿ, ಆ ದಿನಾಂಕಕ್ಕೆ ಹೊಂದುವ ಆತಿಥೇಯರನ್ನು ಹುಡುಕಲು ಹೊರಡುತ್ತಾರೆ. ಬೆಟ್ಟದ ಮಟ್ಟಿಗೆ ಈ ಕ್ರಮ ತಲೆಕೆಳಗು. ಅಲ್ಲಿ ಕೆಲಸವನ್ನು ನಿರ್ಧರಿಸುವುದು ಋತು. ಏಪ್ರಿಲ್, ಮೇ ತಿಂಗಳುಗಳಲ್ಲಿ ಕೈತೋಟದ ಅಗೆತ, ಚಳಿಗಾಲದ ಹಿಮಕ್ಕೆ ಹಾಳಾದ ಕಾಲುದಾರಿಗಳ ಸವರುವಿಕೆ, ಅತಿಥಿಗೃಹಗಳಿಗೆ ಬಣ್ಣ ಬಳಿಯುವುದು ಇರುತ್ತದೆ. ಜುಲೈ, ಆಗಸ್ಟ್ ತಿಂಗಳಲ್ಲಿ ಪ್ರವಾಸಿಗರ ಹಾಸಿಗೆ ಬದಲಿಸುವುದು, ಪಾತ್ರೆ ತೊಳೆಯುವುದೇ ಹೆಚ್ಚು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಆಕ್ರೋಟು, ಚೆಸ್ಟ್‌ನಟ್ ಆಯುವುದು, ಸೌದೆ ಸೀಳಿ ಒಟ್ಟುವುದು, ದ್ರಾಕ್ಷಿಯ ಸಿಪ್ಪೆಯಿಂದ ತ್ಸಿಪುರೊ ಎಂಬ ಸಾರಾಯಿ ಬಟ್ಟಿ ಇಳಿಸುವ ಮನೆಗೆ ನೆರವಾಗುವುದು. ಹಳ್ಳಿಯ ಬದುಕನ್ನು ನೋಡುವುದೇ ಉದ್ದೇಶವಾಗಿದ್ದರೆ ಶರತ್ಕಾಲವೇ ಉತ್ತಮವೆಂಬುದು ಈ ಲೇಖಕನ ಅಭಿಪ್ರಾಯ. ಆಲಿವ್ ಕೊಯ್ಲಿನ ಆಸೆಯಿದ್ದವರು ಮಾತ್ರ ಎತ್ತರದ ಊರುಗಳನ್ನು ಬಿಟ್ಟು, ದಕ್ಷಿಣದ ಪರ್ಯಾಯದ್ವೀಪ ಪೆಲೊಪೊನೀಸ್ ಅಥವಾ ಕ್ರೀಟ್‌ನ ತಗ್ಗಿನ ಇಳಿಜಾರುಗಳನ್ನು ಆರಿಸಿಕೊಳ್ಳಬೇಕು. ಹಿಮ ಬೀಳುವ ಎತ್ತರದಲ್ಲಿ ಆಲಿವ್ ಬೆಳೆಯುವುದಿಲ್ಲ.

ಪ್ರದೇಶಗಳಲ್ಲಿಯೂ ವ್ಯತ್ಯಾಸವಿದೆ. ವಾಯವ್ಯದ ಎಪಿರಸ್ ಪ್ರಾಂತ್ಯದಲ್ಲಿ, ಅಯೋನಿನಾ ನಗರದ ಉತ್ತರಕ್ಕಿರುವ ಝಗೋರಿ 46 ಹಳ್ಳಿಗಳ ಸೀಮೆ. ಕಲ್ಲುಚಪ್ಪಡಿಯ ಮಾಡು, ಕಮಾನು ಸೇತುವೆಗಳಿಗೆ ಹೆಸರಾದ ಈ ಸೀಮೆಯನ್ನು ಯುನೆಸ್ಕೊ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ವಿಕೋಸ್ ಕಮರಿಗೆ ಬರುವ ಚಾರಣಿಗರಿಂದಾಗಿ ಇಲ್ಲಿ ಅತಿಥಿಗೃಹಗಳ ಕೆಲಸ ಸಿಗುತ್ತದೆ. ಅದರ ದಕ್ಷಿಣದ ತ್ಸುಮೆರ್ಕಾ ಇನ್ನೂ ಒರಟು ನೆಲ. ಅಲ್ಲಿನ ಸಿರಾಕೊ ಎಂಬ ಊರಿನೊಳಕ್ಕೆ ಕಾರು ಹೋಗುವುದಿಲ್ಲ, ಸಾಮಾನನ್ನು ಹೊತ್ತುಕೊಂಡೇ ಹೋಗಬೇಕು. ಮಧ್ಯ ಗ್ರೀಸಿನ ಅಗ್ರಫಾ ಇವೆಲ್ಲಕ್ಕಿಂತ ದುರ್ಗಮ. ಮೊದಲ ಬಾರಿಗೆ ಹೋಗುವವರು ಝಗೋರಿಯನ್ನೋ, ಪೆಲೊಪೊನೀಸ್‌ನ ಅರ್ಕೇಡಿಯ ಬೆಟ್ಟಗಳನ್ನೋ ಆರಿಸಿಕೊಂಡು, ಎರಡು ವಾರಕ್ಕಿಂತ ಹೆಚ್ಚು ಕಾಲಕ್ಕೆ ಒಪ್ಪಿಕೊಳ್ಳದಿರುವುದು ಲೇಸು.

ಆತಿಥೇಯರಿಗೆ ಬರೆಯುವ ಪತ್ರ

ತಾಣದಲ್ಲಿನ ವಿವರಣೆಯನ್ನು ಓದುವಾಗ ಹೊಗಳಿಕೆಗಿಂತ ಹೆಚ್ಚು ಗಮನವನ್ನು, ನೀವು ಹೋಗಬೇಕೆಂದಿರುವ ತಿಂಗಳಲ್ಲೇ ಹೋಗಿಬಂದವರ ಅಭಿಪ್ರಾಯಗಳಿಗೆ ಕೊಡಬೇಕು. ಮೇ ತಿಂಗಳಲ್ಲಿ ಸ್ವರ್ಗವೆನಿಸಿದ ಅಟ್ಟದ ಕೋಣೆ ನವೆಂಬರಿನಲ್ಲಿ ಹಾಗೆನಿಸಬೇಕಾಗಿಲ್ಲ. ಒಬ್ಬರೂ ಎರಡನೆಯ ಬಾರಿ ಹೋಗದ ಮನೆ, ಎಲ್ಲರೂ ಅವಧಿಗೆ ಮೊದಲೇ ಹೊರಟ ಮನೆ, ಇವು ಅಭಿಪ್ರಾಯಗಳ ದಿನಾಂಕಗಳನ್ನು ಹೋಲಿಸಿದರೆ ಸಾಮಾನ್ಯವಾಗಿ ಗೊತ್ತಾಗುತ್ತವೆ.

ಮೊದಲ ಪತ್ರ ಚಿಕ್ಕದಾಗಿರಲಿ: ನೀವು ಯಾರು, ಯಾವ ಕೈಕೆಲಸ ಬಲ್ಲಿರಿ, ಯಾವ ದಿನಾಂಕಗಳು, ಊಟದ ಕಟ್ಟುಪಾಡುಗಳೇನು. ಬಲ್ಲದ್ದನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ತಮಗೆ ಗೋಡೆ ಕಟ್ಟಲು ಬರುವುದಿಲ್ಲ, ಆದರೆ ಅತಿಥಿಗೃಹದ ಜಾಲತಾಣವನ್ನು ಸರಿಪಡಿಸಿಕೊಟ್ಟು ಬೆಳಗಿನ ಹೊತ್ತು ಸೌದೆ ಒಟ್ಟಬಲ್ಲೆ ಎಂದು ಬರೆದರೆ, ಆ ಪತ್ರಕ್ಕೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಗಾರೆಯಿಲ್ಲದೆ ಕಲ್ಲು ಜೋಡಿಸುವ ಗೋಡೆಯ ಕೌಶಲವನ್ನು ಯುನೆಸ್ಕೊ 2018ರಲ್ಲಿ ಗ್ರೀಸೂ ಸೇರಿದಂತೆ ಎಂಟು ದೇಶಗಳ ಅಮೂರ್ತ ಪರಂಪರೆಯೆಂದು ಗುರುತಿಸಿದೆ. ಅದನ್ನು ಕಲಿಯುವ ಆಸೆಯಿದ್ದರೆ ಕಲಿಸುವವರು ಆ ಮನೆಯಲ್ಲಿದ್ದಾರೆಯೇ ಎಂದು ಸ್ಪಷ್ಟವಾಗಿ ಕೇಳಬೇಕು. ಇಲ್ಲವಾದರೆ ಬರೀ ಕಲ್ಲು ಹೊರುವುದೇ ನಿಮ್ಮ ಪಾಲಿನ ಕೌಶಲವಾದೀತು.

ಒಪ್ಪಿಗೆಯ ಉತ್ತರ ಬಂದ ಮೇಲೆ ಎರಡನೆಯ ಪತ್ರದಲ್ಲಿ ವಿವರಗಳನ್ನು ಬರವಣಿಗೆಯಲ್ಲೇ ಗಟ್ಟಿಮಾಡಿಕೊಳ್ಳಬೇಕು. ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ ಎಂಬುದು ಮೊದಲನೆಯದು. ವಾರಕ್ಕೆ ಐದು ದಿನ, ದಿನಕ್ಕೆ ಸುಮಾರು ಐದು ಗಂಟೆ ಎಂಬುದು ವರ್ಕ್‌ಅವೇ ಸೂಚಿಸುವ ಪ್ರಮಾಣ. ಅದಕ್ಕಿಂತ ಹೆಚ್ಚಾದರೆ ಹೆಚ್ಚಿನ ಗಂಟೆಗಳಿಗೆ ಏನು ಪ್ರತಿಫಲವೆಂಬುದು ಇತ್ಯರ್ಥವಾಗಿರಬೇಕು. ಮಲಗುವ ಕೋಣೆ ಪ್ರತ್ಯೇಕವೋ ಹಂಚಿಕೊಂಡದ್ದೋ, ಒಳಗಿನಿಂದ ಚಿಲಕವಿದೆಯೋ, ಕೋಣೆಯಲ್ಲಿ ಸೌದೆ ಒಲೆ ಇದೆಯೋ, ರಜೆಯ ದಿನಗಳ ಊಟ ಯಾರದು, ಬಸ್ಸು ಬಾರದ ದಿನ ಪಟ್ಟಣಕ್ಕೆ ಕರೆದೊಯ್ಯುವವರು ಯಾರು, ಈ ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬೇಕಿಲ್ಲ. ಮರಗತ್ತರಿಸುವ ಯಂತ್ರ, ಕಳೆ ಕೊಚ್ಚುವ ಯಂತ್ರ, ಎತ್ತರದ ಏಣಿಗಳ ಕೆಲಸವಿದ್ದರೆ ಅದನ್ನು ಒಪ್ಪುವಿರೋ ಇಲ್ಲವೋ ಎಂದು ಈಗಲೇ ತಿಳಿಸಿಬಿಡಬೇಕು. ಒಬ್ಬರೇ ಹೋಗುವ ಮಹಿಳೆಯರು ಆ ಮನೆಯಲ್ಲಿ ಮೊದಲು ಇದ್ದು ಬಂದ ಮಹಿಳೆಯೊಬ್ಬರನ್ನು ಸಂಪರ್ಕಿಸಿ ಮಾತನಾಡುವುದು ಅಗತ್ಯ. ನಂತರ ಒಂದು ವಿಡಿಯೊ ಕರೆ ಇರಲಿ. ಕೋಣೆಯನ್ನು ತೋರಿಸಿ ಎಂದರೆ ಬೇಸರಿಸುವ ಆತಿಥೇಯರನ್ನು ಅಲ್ಲಿಗೇ ಕೈಬಿಡುವುದು ಒಳ್ಳೆಯದು.

ವೀಸಾ: ಅಡ್ಡದಾರಿ ಬೇಡ

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಗ್ರೀಸಿಗೆ ಷೆಂಗೆನ್ ವೀಸಾ, ಎಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಅನ್ವಯಿಸುವ ವೀಸಾ, ಬೇಕು. ಅಲ್ಪಾವಧಿಯ ವೀಸಾದಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ ಗರಿಷ್ಠ 90 ದಿನ ಇರಬಹುದು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಸಲ್ಲಿಸಬಹುದು, ಪ್ರಯಾಣಕ್ಕೆ 15 ದಿನ ಮೊದಲಾದರೂ ಸಲ್ಲಿಸಿರಬೇಕು. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೊ, ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೊ ರಕ್ಷಣೆಯ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹಿಂದಿರುಗುವ ದಿನಾಂಕದಿಂದಾಚೆಗೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು.

ಮುಖ್ಯ ತೊಡಕು ಇರುವುದು ಬೇರೆ ಕಡೆ. ಪ್ರವಾಸಕ್ಕೆಂದು ಕೊಡುವ ಅಲ್ಪಾವಧಿಯ ವೀಸಾ ಉದ್ಯೋಗದ ಹಕ್ಕನ್ನು ಕೊಡುವುದಿಲ್ಲ. ಕೈಗೆ ಹಣ ಬಾರದಿದ್ದರೂ ಊಟ, ವಸತಿಗಳನ್ನೇ ಕೂಲಿಯೆಂದು ಅಧಿಕಾರಿಗಳು ಪರಿಗಣಿಸಬಹುದು. ನೋಂದಣಿ ಶುಲ್ಕ ಪಡೆಯುವ ತಾಣಗಳೂ ವೀಸಾದ ಹೊಣೆಯನ್ನು ಸದಸ್ಯರ ಮೇಲೆಯೇ ಹೊರಿಸುತ್ತವೆ. ಆದ್ದರಿಂದ ದಿನಕ್ಕೆ ಎಷ್ಟು ಗಂಟೆ ಯಾವ ಕೆಲಸ, ಎಲ್ಲಿ ವಾಸ ಎಂಬುದನ್ನು ಇದ್ದದ್ದು ಇದ್ದಂತೆ ಬರೆದು, ಯಾವ ವರ್ಗದ ವೀಸಾ ಬೇಕೆಂದು ದೆಹಲಿಯಲ್ಲಿರುವ ಗ್ರೀಕ್ ರಾಯಭಾರ ಕಚೇರಿಯಿಂದ ಇಮೇಲ್ ಮೂಲಕ ಉತ್ತರ ಪಡೆದುಕೊಳ್ಳಬೇಕು. 'ಸ್ನೇಹಿತರ ಮನೆಗೆ ಹೋಗುತ್ತಿದ್ದೇನೆಂದು ಬರೆದುಬಿಡಿ' ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅರ್ಜಿಯಲ್ಲಿ ಸುಳ್ಳು ಸಿಕ್ಕಿಬಿದ್ದರೆ ಮುಂದಿನ ಷೆಂಗೆನ್ ಅರ್ಜಿಗಳಿಗೂ ಅದು ಕಂಟಕ. ಉತ್ತರ ಪ್ರತಿಕೂಲವಾಗಿದ್ದರೆ ಅದೇ ಊರಿನಲ್ಲಿ ಹಣ ತೆತ್ತು ತಂಗಿ, ಕೆಲಸದ ಆಸೆಯನ್ನು ಬಿಡುವುದೇ ಸರಿಯಾದ ದಾರಿ.

ಜರ್ಮನಿ, ನೆದರ್‌ಲ್ಯಾಂಡ್ಸ್ ಮೊದಲಾದೆಡೆ ಓದುತ್ತಿರುವ ಅಥವಾ ಉದ್ಯೋಗದಲ್ಲಿರುವ ಕನ್ನಡಿಗರಿಗೆ ಅಲ್ಲಿನ ನಿವಾಸ ಪರವಾನಗಿಯ ಮೇಲೆ ಗ್ರೀಸಿಗೆ ಪ್ರತ್ಯೇಕ ವೀಸಾ ಇಲ್ಲದೆ ಹೋಗಿಬರಲು ಅವಕಾಶವಿದೆ. ಆದರೆ ಅದು ಭೇಟಿಗೆ ಮಾತ್ರ, ಗ್ರೀಸಿನಲ್ಲಿ ದುಡಿಯುವ ಅನುಮತಿಯಲ್ಲ. ಬ್ರಿಟನ್ನಿನಲ್ಲಿರುವ ಭಾರತೀಯ ಪ್ರಜೆಗಳಿಗಂತೂ ಷೆಂಗೆನ್ ವೀಸಾ ಬೇಕೇ ಬೇಕು. ಇನ್ನು, ಹಲವು ಪ್ರವಾಸ ವಿಮೆಗಳು ದೈಹಿಕ ದುಡಿಮೆಯ ವೇಳೆ ಆದ ಗಾಯಗಳನ್ನು ಹೊರಗಿಡುತ್ತವೆ. ಪಾಲಿಸಿಯ ಆ ಭಾಗವನ್ನು ಸಹಿ ಹಾಕುವ ಮೊದಲು ಓದಬೇಕು.

ಊಟದ ಮಾತು

ಸಸ್ಯಾಹಾರಿಗಳು ಬೆಟ್ಟದಲ್ಲಿ ಹಸಿದುಕೊಂಡಿರಬೇಕಾದೀತೆಂದು ಹೆದರಬೇಕಿಲ್ಲ, ಆದರೆ ಕೇಳುವ ಬಗೆಯನ್ನು ಕಲಿತಿರಬೇಕು. ಆರ್ಥೊಡಾಕ್ಸ್ ಕ್ರೈಸ್ತರು ಈಸ್ಟರ್‌ಗೆ ಮುನ್ನ ಮತ್ತು ವರ್ಷದ ಇತರ ಉಪವಾಸಗಳಲ್ಲಿ ಮಾಂಸ, ಹಾಲು, ಮೊಟ್ಟೆಗಳನ್ನು ಬಿಡುತ್ತಾರೆ. ಆ ಕಾಲದ ಅಡುಗೆಗೆ ನಿಸ್ತಿಸಿಮೊ ಎನ್ನುತ್ತಾರೆ. ಸಸ್ಯಾಹಾರಿ ಎಂದರೆ ಕೋಳಿ ತಿನ್ನುವರೇನೋ ಎಂದುಕೊಳ್ಳುವ ಅಜ್ಜಿಗೂ ನಿಸ್ತಿಸಿಮೊ ಎಂದರೆ ಕೂಡಲೇ ಅರ್ಥವಾಗುತ್ತದೆ. ಒಂದೇ ಎಚ್ಚರಿಕೆ: ಆ ಪಟ್ಟಿಯಲ್ಲಿ ಸಿಗಡಿ, ಸ್ಕ್ವಿಡ್, ಆಕ್ಟೋಪಸ್ ಇವಕ್ಕೆ ಅನುಮತಿಯಿದೆ. ಫಸೊಲಾದ ಎಂಬ ಬಿಳಿ ಹುರುಳಿಕಾಯಿ ಬೀಜಗಳ ಸಾರು, ಬೇಯಿಸಿ ಎಣ್ಣೆ, ನಿಂಬೆರಸ ಹಾಕಿದ ಕಾಡುಸೊಪ್ಪು, ಬೇಳೆಯ ಸಾರು ಇವೆಲ್ಲ ನಿತ್ಯದ ಅಡುಗೆ. ಎಪಿರಸ್ ಸೀಮೆಯ ಹೆಮ್ಮೆ ಸೊಪ್ಪು, ಚೀಸ್ ತುಂಬಿದ ತೆಳುಪದರದ ಪೀಟ. ಹುಣಸೆಹಣ್ಣು, ಸಾಸಿವೆ, ಒಂದಿಷ್ಟು ಸಾರಿನ ಪುಡಿ ಚೀಲದಲ್ಲಿರಲಿ; ಒಂದು ದಿನ ನೀವು ಅಡುಗೆ ಮಾಡುವುದಾಗಿ ಹೇಳಿದರೆ ಬೇಡವೆನ್ನುವವರು ವಿರಳ.

ದಾರಿ ಮತ್ತು ಊರು

ಆಥೆನ್ಸ್‌ನ ಕಿಫಿಸೋಸ್ ನಿಲ್ದಾಣದಿಂದ ಕ್ಟೆಲ್ ಎಂಬ ಅಂತರನಗರ ಸಾರಿಗೆಯ ಬಸ್ಸಿನಲ್ಲಿ ಅಯೋನಿನಾಕ್ಕೆ ಸುಮಾರು ಆರು ಗಂಟೆಯ ಪ್ರಯಾಣ. ಅಲ್ಲಿಂದ ಹಳ್ಳಿಗಳಿಗೆ ಹೋಗುವ ಬಸ್ಸುಗಳು ಪ್ರತಿದಿನ ಇರುವುದಿಲ್ಲ, ಋತುವಿಗೆ ತಕ್ಕಂತೆ ಬದಲಾಗುತ್ತವೆ. ಆದ್ದರಿಂದ ವೇಳಾಪಟ್ಟಿಯನ್ನು ಹಿಂದಿನ ವಾರ ನಿಲ್ದಾಣಕ್ಕೇ ಫೋನ್ ಮಾಡಿ ಖಚಿತಪಡಿಸಿಕೊಳ್ಳುವಂತೆ ಆತಿಥೇಯರನ್ನು ಕೇಳಬೇಕು. ಒಂದು ರಾತ್ರಿ ಅಯೋನಿನಾದಲ್ಲಿ ತಂಗಿ, ಪಾಸ್‌ಪೋರ್ಟ್ ತೋರಿಸಿ ಸಿಮ್ ಕೊಂಡು, ನಗದು ತೆಗೆದುಕೊಂಡು, ಔಷಧಿ ಕೊಂಡುಬಿಡಬೇಕು, ಏಕೆಂದರೆ ಸಣ್ಣ ಊರಿನಲ್ಲಿ ಎಟಿಎಂ, ಔಷಧದಂಗಡಿ ಎರಡೂ ಇರುವುದಿಲ್ಲ.

ಊರಿನ ಬದುಕು ನಡೆಯುವುದು ಚೌಕದ ಕಾಫಿ ಅಂಗಡಿಯಲ್ಲಿ. ತಲುಪಿದ ದಿನವೇ ಆತಿಥೇಯರೊಂದಿಗೆ ಅಲ್ಲಿಗೆ ಹೋಗಿ ಪರಿಚಯ ಮಾಡಿಕೊಳ್ಳುವುದು ಸೌಜನ್ಯವೂ ಹೌದು, ರಕ್ಷಣೆಯೂ ಹೌದು. ಕಷ್ಟ ಬಂದಾಗ ನಿಮ್ಮನ್ನು ಗುರುತಿಸುವ ಮತ್ತೊಬ್ಬರಿರುತ್ತಾರೆ. ಜರ್ಮನಿ, ಆಸ್ಟ್ರೇಲಿಯಾಗಳಲ್ಲಿ ದುಡಿದು ಮರಳಿದ ಹಿರಿಯರು ಸಿಕ್ಕರೆ ಜರ್ಮನ್ ಅಥವಾ ಇಂಗ್ಲಿಷ್ ನಡೆಯುತ್ತದೆ. ಹಿರಿಯರನ್ನು ಬರಿಯ ಹೆಸರಿನಿಂದ ಕರೆಯದೆ, ಮಹಿಳೆಗೆ ಕಿರಿಯಾ, ಪುರುಷರಿಗೆ ಕಿರಿಯೆ ಎಂದು ಮೊದಲು ಸೇರಿಸಬೇಕು. ಐದು ಬೆರಳು ಬಿಡಿಸಿ ಅಂಗೈಯನ್ನು ಎದುರಿನವರ ಮುಖಕ್ಕೆ ತೋರುವುದು ಅಲ್ಲಿ ಬೈಗುಳ; 'ಐದು' ಎಂದು ತೋರಿಸುವಾಗಲೂ ಕೈಯನ್ನು ನಿಮ್ಮ ಕಡೆಗೆ ತಿರುಗಿಸಿಕೊಳ್ಳಿ. ಬೇಸಿಗೆಯಲ್ಲಿ ಮಧ್ಯಾಹ್ನ 3ರಿಂದ 5.30ರವರೆಗೆ ಸದ್ದು ಮಾಡಬಾರದ ಹೊತ್ತು, ಆಗ ಸುತ್ತಿಗೆ ಎತ್ತಬಾರದು.

ಬಿಡುವಿನಲ್ಲಿ ನಡೆದಾಡಲು ಹೊರಟವರಿಗೆ ಪಿಂಡಸ್ ಪರ್ವತಗಳಲ್ಲಿ ಕರಡಿ, ತೋಳಗಳಿಗಿಂತ ಹೆಚ್ಚು ಎದುರಾಗುವುದು ಕುರಿಮಂದೆಯ ಕಾವಲು ನಾಯಿಗಳು. ಮಂದೆ ಕಂಡೊಡನೆ ದೂರದಿಂದಲೇ ಬಳಸಿಕೊಂಡು ಹೋಗಬೇಕು, ಓಡಬಾರದು. ನಾಯಿ ಬಂದರೆ ನಿಂತು, ಕುರುಬರನ್ನು ಕೂಗಿ, ನಿಧಾನವಾಗಿ ಹಿಂದೆ ಸರಿಯಬೇಕು. ಬೇಸಿಗೆಯ ಕಾಳ್ಗಿಚ್ಚಿನ ಕಾಲದಲ್ಲಿ, ಎಂದರೆ ಮೇ 1ರಿಂದ ಅಕ್ಟೋಬರ್ 31ರವರೆಗೆ, ತೋಟದ ಕಸಕ್ಕೆ ಬೆಂಕಿ ಹಚ್ಚಲು ಯಾರೇ ಹೇಳಿದರೂ ಒಪ್ಪಬಾರದು. ತುರ್ತು ಸಂಖ್ಯೆ 112. ಅದೇ ಹೆಸರಿನಲ್ಲಿ ಮೊಬೈಲಿಗೆ ಬರುವ ಎಚ್ಚರಿಕೆಯನ್ನು ಅರ್ಥವಾಗದಿದ್ದರೂ ಕೂಡಲೇ ಆತಿಥೇಯರಿಗೆ ತೋರಿಸಬೇಕು.

ಆಗಸ್ಟ್ 15ರ ಸುತ್ತ ಹೋಗುವವರಿಗೆ ಒಂದು ಸೂಚನೆ. ಅಂದು ಮಾತೆ ಮರಿಯಳ ಹಬ್ಬ. ಹೊರಗಿರುವ ಮಕ್ಕಳು, ಮೊಮ್ಮಕ್ಕಳು ಊರಿಗೆ ಮರಳಿ, ಚೌಕದಲ್ಲಿ ಕ್ಲಾರಿನೆಟ್ ಸಂಗೀತಕ್ಕೆ ಬೆಳಗಿನ ಜಾವದವರೆಗೆ ಕುಣಿತ ನಡೆಯುತ್ತದೆ. ಆ ವಾರ ಸ್ವಯಂಸೇವಕರ ಕೋಣೆ ನೆಂಟರ ಪಾಲಾಗುವುದುಂಟು, ಕೆಲಸವೂ ಇಮ್ಮಡಿಯಾಗುತ್ತದೆ. ಎರಡನ್ನೂ ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಹಿಂದಿರುಗುವ ದಿನಾಂಕವನ್ನು ಬಸ್ಸಿಗೆ ತಕ್ಕಂತೆ ಇಟ್ಟುಕೊಂಡು, ವಿಮಾನಕ್ಕೆ ಎರಡು ದಿನ ಮೊದಲೇ ಬೆಟ್ಟ ಇಳಿಯಬೇಕು. 2025ರ ಅಕ್ಟೋಬರ್‌ನಿಂದ ಷೆಂಗೆನ್ ಗಡಿಗಳಲ್ಲಿ ಪ್ರವೇಶ, ನಿರ್ಗಮನಗಳನ್ನು ಬೆರಳ ಗುರುತು ಸಹಿತ ಗಣಕದಲ್ಲಿ ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಬಂದಿರುವುದರಿಂದ, ಬಸ್ಸು ತಪ್ಪಿತು, ಹಿಮ ಬಿತ್ತು ಎಂಬ ನೆಪಕ್ಕೆ ವೀಸಾದ ಕೊನೆಯ ದಿನವನ್ನು ಮೀರಿದರೂ ಅದು ದಾಖಲೆಯಲ್ಲಿ ಉಳಿಯುತ್ತದೆ.