ಗಾಲ್ಫ್ ಕಲಿಸುವವರನ್ನು ನಾನು ಆರಿಸಿಕೊಂಡ ಬಗೆ

ಗಾಲ್ಫ್ ಕಲಿಯಬೇಕು ಅಂದರೆ ಸುತ್ತಲಿನವರು ಮೊದಲು ಹೇಳುವುದು, ಚೆನ್ನಾಗಿ ಆಡುವವರ ಹತ್ತಿರ ಹೋಗು ಅಂತ. ನಾನು ಆಟ ನೋಡಲಿಲ್ಲ, ಪಾಠ ನೋಡಿದೆ. ಡ್ರೈವಿಂಗ್ ರೇಂಜಿನಲ್ಲಿ, ಅಂದರೆ ಚೆಂಡು ಹೊಡೆದು ಅಭ್ಯಾಸ ಮಾಡುವ ಜಾಗದಲ್ಲಿ, ಕೋಚ್‌ಗಳು ಬಯಲಲ್ಲೇ ಕಲಿಸುತ್ತಾರೆ, ಸ್ವಲ್ಪ ದೂರದಲ್ಲಿ ಕೂತು ನೋಡಿದರೆ ಯಾರೂ ಬೇಡ ಅನ್ನುವುದಿಲ್ಲ. ಆಗಷ್ಟೇ ಶುರು ಮಾಡಿದವರು, ಚೆಂಡು ತಾಗದೆ ಸೋತು ನಿಂತವರು ಇದ್ದಾರಲ್ಲ, ಅವರಿಗೆ ಈ ಕೋಚ್ ಏನು ಹೇಳುತ್ತಾರೆ ಅನ್ನುವುದೇ ನನಗೆ ಬೇಕಾಗಿತ್ತು. ಮುಂದೆ ಅವರ ಜಾಗದಲ್ಲಿ ನಿಲ್ಲುವವಳು ನಾನೇ.

ಹೀಗೆ ನೋಡುತ್ತಾ ಹೋದಾಗ ವ್ಯತ್ಯಾಸ ಬೇಗ ಕಣ್ಣಿಗೆ ಬಿತ್ತು. ಕೆಲವರು ಪ್ರತಿ ಹೊಡೆತಕ್ಕೂ ಒಂದು ಹೊಸ ಮಾತು ಹೇಳುತ್ತಾರೆ. ಮೊಣಕೈ ನೇರ ಇಡಿ, ಸೊಂಟ ತಿರುಗಿಸಿ, ಮೊಣಕಾಲು ಬಗ್ಗಿಸಿ, ತಲೆ ಎತ್ತಬೇಡಿ. ಕಲಿಯುವವರು ಪಾಪ, ಹಿಂದಿನ ಮಾತನ್ನು ಮೈಗೆ ಹಚ್ಚಿಕೊಳ್ಳುವ ಮೊದಲೇ ಮುಂದಿನದು ಬಂದಿರುತ್ತದೆ. ಇನ್ನು ಕೆಲವರು ತುಂಬಾ ಹೊತ್ತು ಮಾತೇ ಆಡುವುದಿಲ್ಲ. ಹಿಂದೆ ನಿಂತು ನೋಡುತ್ತಾರೆ, ಪಕ್ಕಕ್ಕೆ ಬಂದು ನೋಡುತ್ತಾರೆ, ಚೆಂಡು ಎಲ್ಲಿ ಹೋಯಿತು ಎಂದು ಕಲಿಯುವವರನ್ನೇ ಕೇಳುತ್ತಾರೆ. ಆಮೇಲೆ ಒಂದೇ ಒಂದು ವಿಷಯ ಬದಲಾಯಿಸುತ್ತಾರೆ. ಮದ್ದು ಕೊಡುವ ಮೊದಲು ನಾಡಿ ಹಿಡಿದು ನೋಡುವವರು ಇವರು. ಎರಡನೆಯ ಬಗೆಯವರಲ್ಲಿ ಒಬ್ಬರನ್ನು ಆರಿಸಿಕೊಂಡೆ.

ಪ್ರಮಾಣಪತ್ರ ಬೇಡವೇ ಅಂದರೆ, ಬೇಕು. ಬ್ರಿಟನ್ನಿನಲ್ಲಿ ವೃತ್ತಿಪರ ಗಾಲ್ಫರ್‌ಗಳ ಸಂಘ ಪಿಜಿಎ ಹುಟ್ಟಿದ್ದು 1901ರಲ್ಲಿ, ಅಮೆರಿಕದಲ್ಲಿ 1916ರಲ್ಲಿ. ಇಂಥ ಸಂಘಗಳ ತರಬೇತಿ ಮುಗಿಸಿದವರಿಗೆ ಆಟದ ನಿಯಮ, ಸಲಕರಣೆ, ಕಲಿಸುವ ಕ್ರಮ ಎಲ್ಲದರ ಬುನಾದಿ ಇರುತ್ತದೆ. ಆದರೆ ನನ್ನ ಮೈಗೆ, ನನ್ನ ಸ್ವಭಾವಕ್ಕೆ ಅವರ ಪಾಠ ಒಗ್ಗುತ್ತದೆಯೇ ಅನ್ನುವುದನ್ನು ಯಾವ ಪತ್ರವೂ ಹೇಳುವುದಿಲ್ಲ. ಅದಕ್ಕೆ ಒಂದು ಪಾಠಕ್ಕೆ ಮಾತ್ರ ಒಪ್ಪಿಕೊಂಡು ನೋಡಬೇಕು. ಮೊದಲ ಭೇಟಿಯಲ್ಲೇ ಹತ್ತು ಪಾಠಗಳ ಹಣ ಒಟ್ಟಿಗೆ ಕಟ್ಟಿ ಅಂತ ಒತ್ತಾಯಿಸುವವರ ಹತ್ತಿರ ನಾನು ಹೋಗಲಿಲ್ಲ.

ಮೊದಲ ಪಾಠದಲ್ಲಿ ನನ್ನ ಕೋಚ್ ಕೇಳಿದ ಮೊದಲ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. "ಮೇಡಂ, ಗಾಲ್ಫಿನಿಂದ ನಿಮಗೆ ಏನು ಬೇಕು?" ಗೆಳತಿಯರ ಜೊತೆ ನಾಚಿಕೆಯಿಲ್ಲದೆ ಆಡುವಷ್ಟು ಸಾಕೇ, ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕ) ತೆಗೆದುಕೊಂಡು ಸ್ಪರ್ಧೆಗೆ ಇಳಿಯಬೇಕೇ, ವಾರಕ್ಕೆ ಎಷ್ಟು ಹೊತ್ತು ಅಭ್ಯಾಸಕ್ಕೆ ಸಿಗುತ್ತದೆ, ಬೆನ್ನು, ಭುಜ, ಮೊಣಕಾಲಿನಲ್ಲಿ ಹಳೆಯ ನೋವೇನಾದರೂ ಇದೆಯೇ. ಹೆಂಗಸರು ಬಂದರೆ "ಮೆಲ್ಲಗೆ ಬೀಸಿ, ನೇರ ಹೋದರೆ ಸಾಕು" ಎಂದು ತಾವೇ ತೀರ್ಮಾನಿಸುವ ಕೋಚ್‌ಗಳನ್ನೂ ಆ ರೇಂಜುಗಳಲ್ಲಿ ನೋಡಿದ್ದೆ. ಗುರಿ ಯಾವುದು ಅನ್ನುವುದನ್ನು ಕಲಿಯುವವರು ಹೇಳಬೇಕು, ಅಲ್ಲಿಗೆ ಹೋಗುವ ದಾರಿ ಕಲಿಸುವವರು ತೋರಿಸಬೇಕು. ಈ ಕ್ರಮ ತಲೆಕೆಳಗಾದರೆ ಪಾಠದಲ್ಲಿ ಮನಸ್ಸು ನಿಲ್ಲುವುದಿಲ್ಲ.

ಆಮೇಲೆ ಅವರು ಏಳನೇ ಐರನ್ (ಮಧ್ಯಮ ದೂರಕ್ಕೆ ಹೊಡೆಯುವ ಕ್ಲಬ್; ಚೆಂಡು ಹೊಡೆಯುವ ಕೋಲಿಗೆ ಕ್ಲಬ್ ಅನ್ನುತ್ತಾರೆ) ಕೈಗೆ ಕೊಟ್ಟು ಒಂದಷ್ಟು ಚೆಂಡು ಹೊಡೆಸಿದರು. ನನ್ನ ಚೆಂಡುಗಳೆಲ್ಲ ನೇರ ಹೊರಟು ಬಲಕ್ಕೆ ಬಾಗಿ ಬೀಳುತ್ತಿದ್ದವು. ಇದನ್ನೇ ಸ್ಲೈಸ್ ಅನ್ನುತ್ತಾರೆ, ಬಲಗೈಯವರಲ್ಲಿ ಬಹಳ ಸಾಮಾನ್ಯ. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ: ಇದು ಬಲಕ್ಕೆ ಯಾಕೆ ಹೋಗುತ್ತದೆ? ಯಾರನ್ನೇ ಕೋಚ್ ಆಗಿ ಆರಿಸುವ ಮೊದಲು ಈ ಪ್ರಶ್ನೆ ಕೇಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಹಿಂದೆಲ್ಲ ಚೆಂಡು ಹೊರಡುವ ದಿಕ್ಕನ್ನು ಕ್ಲಬ್ ಸಾಗುವ ದಾರಿ ತೀರ್ಮಾನಿಸುತ್ತದೆ ಎಂದು ಕಲಿಸುತ್ತಿದ್ದರು. ರೇಡಾರ್ ಯಂತ್ರಗಳು ಬಂದು ಅಳೆದ ಮೇಲೆ ಅದು ಬದಲಾಯಿತು. ಚೆಂಡು ಹೊರಡುವ ದಿಕ್ಕು ಬಹುಪಾಲು ಕ್ಲಬ್ಬಿನ ಫೇಸ್, ಅಂದರೆ ಚೆಂಡಿಗೆ ತಾಗುವ ಮುಖ, ಎತ್ತ ನೋಡುತ್ತಿದೆ ಅನ್ನುವುದರ ಮೇಲೆ ನಿಂತಿದೆ, ಐರನ್‌ನಲ್ಲಿ ಸುಮಾರು ಶೇ. 75, ತುಂಬಾ ದೂರ ಹೊಡೆಯುವ ಡ್ರೈವರ್‌ ಎಂಬ ಕ್ಲಬ್ಬಿನಲ್ಲಿ ಸುಮಾರು ಶೇ. 85. ಆಮೇಲಿನ ಬಾಗು ಬರುವುದು ಫೇಸಿಗೂ ಕ್ಲಬ್ ಸಾಗುವ ದಾರಿಗೂ ನಡುವಿನ ಅಂತರದಿಂದ. ಚೆಂಡು ನೇರ ಹೊರಟು ಬಲಕ್ಕೆ ಬಾಗಿದರೆ ಫೇಸ್ ಹೆಚ್ಚುಕಡಿಮೆ ಗುರಿಯನ್ನೇ ನೋಡುತ್ತಿತ್ತು, ಕ್ಲಬ್ ಮಾತ್ರ ಎಡಕ್ಕೆ ಎಳೆದುಕೊಂಡು ಹೋಯಿತು ಎಂದರ್ಥ. ಫೇಸಿನ ನಡುವಿಗೆ ತಾಗದೆ ಅಂಚಿಗೆ ತಾಗಿದರೂ ಚೆಂಡು ಬಾಗುತ್ತದೆ, ಅದಕ್ಕೇ ಮೊದಲು ಫೇಸಿನ ಮೇಲೆ ಬಿದ್ದ ಗುರುತು ನೋಡಿದರು. ಇಷ್ಟನ್ನು ಅವರು ಒಂದು ಟೀಯನ್ನು (ಚೆಂಡು ಇಡುವ ಸಣ್ಣ ಗೂಟ) ಫೇಸಿನ ಮುಂದೆ ಹಿಡಿದು ತೋರಿಸಿದರು. "ನೀವು ಜೋರಾಗಿ ಹೊಡೆಯುತ್ತೀರಿ, ಅದಕ್ಕೇ" ಎಂಬ ಉತ್ತರ ಬಂದಿದ್ದರೆ ನಾನು ಎರಡನೇ ಪಾಠಕ್ಕೆ ಹೋಗುತ್ತಿರಲಿಲ್ಲ.

ಸ್ವಿಂಗಿಗೆ ಕೈ ಹಾಕುವ ಮೊದಲು ಅವರು ನನ್ನ ಎಡಗೈ ಗ್ಲೌಸ್ ಬಿಚ್ಚಿಸಿ ತಿರುಗಿಸಿ ನೋಡಿದರು. ಅಂಗೈಯ ಬುಡದಲ್ಲಿ, ಕಿರುಬೆರಳಿನ ನೇರಕ್ಕೆ, ಚರ್ಮ ಸವೆದು ತೂತು ಬೀಳುವ ಹಾಗಿತ್ತು. ಕ್ಲಬ್ಬಿನ ಹಿಡಿ ಬೆರಳುಗಳಲ್ಲಿ ಕೂರದೆ ಅಂಗೈಯಲ್ಲಿ ಅಡ್ಡ ಮಲಗಿದರೆ, ಬೀಸುವಾಗ ಅದು ಜಾರಿ ಉಜ್ಜಿ ಅಲ್ಲೇ ಸವೆಯುತ್ತದೆ. ಕ್ಲಬ್ಬನ್ನು ಎಡಗೈ ಬೆರಳುಗಳ ಬುಡಕ್ಕೆ ಇಳಿಸಿ, ಮೇಲಿನಿಂದ ನೋಡಿದರೆ ಎರಡು ಗೆಣ್ಣು ಕಾಣುವ ಹಾಗೆ ಕೈ ತಿರುಗಿಸಿಕೊಟ್ಟರು. ಮೊದಲಿಗೆ ಕ್ಲಬ್ ನನ್ನದೇ ಅಲ್ಲ ಅನ್ನಿಸಿತು. ಬಲಗೈ ಕಿರುಬೆರಳನ್ನು ಎಡಗೈ ತೋರುಬೆರಳಿನ ಮೇಲೆ ಇಡುವುದೋ ಹೆಣೆದುಕೊಳ್ಳುವುದೋ ಅನ್ನುವುದನ್ನು ನನಗೇ ಬಿಟ್ಟರು. ಮೇಲಿಡುವ ಹಿಡಿತಕ್ಕೆ ಆರು ಸಲ ಬ್ರಿಟನ್ನಿನ ಓಪನ್ ಚಾಂಪಿಯನ್‌ಶಿಪ್ ಗೆದ್ದ ಹ್ಯಾರಿ ವಾರ್ಡನ್ ಹೆಸರೇ ಅಂಟಿಕೊಂಡಿದೆ. ಜಾಕ್ ನಿಕ್ಲಾಸ್, ಟೈಗರ್ ವುಡ್ಸ್ ಹೆಣೆದು ಹಿಡಿದವರು. ನನ್ನ ಬೆರಳು ಗಿಡ್ಡ, ಹೆಣೆದದ್ದೇ ಹಿತವಾಯಿತು. ಆ ದಿನದ ಪಾಠ ಅಷ್ಟೇ. ಒಂದು ಗಂಟೆಯಲ್ಲಿ ಬರೀ ಹಿಡಿತವೇ ಎಂದು ಬೇಸರಪಡುವವರು ಇರಬಹುದು. ನನಗೆ ಅದೇ ಭರವಸೆ ಕೊಟ್ಟಿತು.

ಆ ವಾರವೇ ನಿಕ್ಲಾಸ್ ಬಗ್ಗೆ ಓದಿ ಧೈರ್ಯ ಬಂತು. ಹತ್ತನೇ ವಯಸ್ಸಿನಲ್ಲಿ, 1950ರಲ್ಲಿ, ಕೋಚ್ ಜಾಕ್ ಗ್ರೌಟ್ ಹತ್ತಿರ ಕಲಿಯಲು ಸೇರಿದ ಹುಡುಗ 18 ಮೇಜರ್ (ಗಾಲ್ಫಿನ ಅತಿ ದೊಡ್ಡ ಪಂದ್ಯಾವಳಿಗಳು) ಗೆದ್ದ ಆಟಗಾರನಾದ. ಗೆಲ್ಲುತ್ತಿದ್ದ ಕಾಲದಲ್ಲೂ ವರ್ಷದ ಆಟ ಶುರುವಾಗುವ ಮೊದಲು ಮತ್ತೆ ಗ್ರೌಟ್ ಎದುರಿಗೆ ನಿಂತು ಹಿಡಿತ, ನಿಲುವುಗಳಿಂದಲೇ ಪಾಠ ತೆಗೆದುಕೊಳ್ಳುತ್ತಿದ್ದರು.

ಎರಡನೇ ಪಾಠದಲ್ಲಿ ಹುಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದರು. ಚೆಂಡಿಲ್ಲ. ಗೆರೆ ನನ್ನ ಎರಡು ಪಾದಗಳ ನಡುವೆ. ಬೀಸಬೇಕು, ಕ್ಲಬ್ ಹುಲ್ಲನ್ನು ಎಲ್ಲಿ ಕಿತ್ತಿತು ನೋಡಬೇಕು, ಒಂದು ಹೆಜ್ಜೆ ಮುಂದೆ ಹೋಗಿ ಮತ್ತೆ ಬೀಸಬೇಕು. ಐರನ್‌ನಲ್ಲಿ ಕ್ಲಬ್ ಮೊದಲು ಚೆಂಡಿಗೆ ತಾಗಿ ಆಮೇಲೆ ನೆಲ ಕೀಳಬೇಕು. ಅಂದರೆ ಡಿವಟ್ (ಹುಲ್ಲು ಕಿತ್ತ ಗುರುತು) ಗೆರೆಯ ಮೇಲೋ, ಗೆರೆ ದಾಟಿ ಗುರಿಯ ಕಡೆಗೋ ಶುರುವಾಗಬೇಕು. ನನ್ನದು ನಾಲ್ಕು ಬೆರಳು ಹಿಂದೆ ಬೀಳುತ್ತಿತ್ತು. ಭಾರ ಬಲಗಾಲಲ್ಲೇ ಉಳಿಯುತ್ತಿತ್ತು ಅನ್ನುವುದು ಆ ಹರಿದ ಹುಲ್ಲನ್ನು ನೋಡಿದಾಗ ನನಗೇ ಗೊತ್ತಾಯಿತು, ಅವರು ಹೇಳಬೇಕಾಗಿ ಬರಲಿಲ್ಲ. ಇಂದಿಗೂ ರೇಂಜಿನಲ್ಲಿ ಚೆಂಡು ಸರಿಯಾಗಿ ತಾಗದಿದ್ದರೆ ಮೊದಲು ಗೆರೆ ಎಳೆಯುತ್ತೇನೆ. ಕೋಚ್ ಇಲ್ಲದಾಗಲೂ ತಪ್ಪು ಎಲ್ಲಿದೆ ಎಂದು ನಾನೇ ನೋಡಿಕೊಳ್ಳುವ ಒಂದು ಸಾಧನವನ್ನು ಅವರು ಕೈಗೆ ಕೊಟ್ಟರು. ಒಳ್ಳೆಯ ಗುರುವನ್ನು ಗುರುತಿಸಲು ನನ್ನ ಹತ್ತಿರ ಇದಕ್ಕಿಂತ ದೊಡ್ಡ ಅಳತೆ ಇಲ್ಲ.

"ತಲೆ ಎತ್ತಬೇಡಿ" ಎಂಬ ಮಾತನ್ನು ಅವರು ಒಮ್ಮೆಯೂ ಆಡಲಿಲ್ಲ. ಗಾಲ್ಫಿನಲ್ಲಿ ಇಷ್ಟು ಸುಲಭವಾಗಿ ಸಿಗುವ ಬಿಟ್ಟಿ ಸಲಹೆ ಇನ್ನೊಂದಿಲ್ಲ, ಪಕ್ಕದಲ್ಲಿ ಆಡುವವರೂ ಕೊಡುತ್ತಾರೆ. ಹತ್ತು ಮೇಜರ್ ಗೆದ್ದ ಅನಿಕಾ ಸೋರೆನ್‌ಸ್ಟಾಮ್ ಚೆಂಡಿಗೆ ಕ್ಲಬ್ ತಾಗುವ ಹೊತ್ತಿಗಾಗಲೇ ತಲೆಯನ್ನು ಗುರಿಯ ಕಡೆ ತಿರುಗಿಸಿರುತ್ತಿದ್ದರು, 2001ರಲ್ಲಿ 18 ಹೋಲ್‌ಗಳ ಒಂದು ಸುತ್ತನ್ನು 59 ಹೊಡೆತಗಳಲ್ಲಿ ಮುಗಿಸಿದ್ದೂ ಹಾಗೆ ಆಡಿಯೇ. ಚೆಂಡಿನ ತಲೆ ಸವರಿಕೊಂಡು ಹೋಗುವುದಕ್ಕೆ ಸಾಮಾನ್ಯವಾಗಿ ಕಾರಣ ಎದೆ ಮೇಲೇಳುವುದು, ಭಾರ ಹಿಂದೆಯೇ ನಿಲ್ಲುವುದು, ಕೈ ಮಡಚಿಕೊಳ್ಳುವುದು. ತಲೆಯನ್ನು ಬಲವಂತವಾಗಿ ಹಿಡಿದಿಟ್ಟರೆ ಮೈ ತಿರುಗುವುದೇ ನಿಂತುಹೋಗುತ್ತದೆ.

ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕುವ ಕೋಚ್‌ಗಳ ಬಗ್ಗೆಯೂ ಎಚ್ಚರ ಬೇಕು. ಜಿಮ್ ಫ್ಯೂರಿಕ್ ಸ್ವಿಂಗ್ ನೋಡಿದರೆ ಕ್ಲಬ್ ಮೇಲೆ ಹೋಗಿ ಒಂದು ಸುತ್ತು ಹಾಕಿ ಕೆಳಗಿಳಿಯುತ್ತದೆ. ಅವರಿಗೆ ಕಲಿಸಿದ್ದು ಅಪ್ಪ, ಆ ಸುತ್ತನ್ನು ನೇರ ಮಾಡಲು ಅಪ್ಪ ಹೋಗಲಿಲ್ಲ. ಮಗ 2003ರಲ್ಲಿ ಯುಎಸ್ ಓಪನ್ ಗೆದ್ದರು, 2016ರಲ್ಲಿ ಪಿಜಿಎ ಟೂರ್‌ನಲ್ಲಿ 18 ಹೋಲ್‌ಗಳನ್ನು 58 ಹೊಡೆತಗಳಲ್ಲಿ ಮುಗಿಸಿದರು. ಹಾಗಂತ ಬುಡದಿಂದ ಬದಲಾಯಿಸುವುದೇ ತಪ್ಪು ಅಂತಲ್ಲ. ನಿಕ್ ಫಾಲ್ಡೊ ಕೋಚ್ ಡೇವಿಡ್ ಲೆಡ್‌ಬೆಟರ್ ಜೊತೆ ಸೇರಿ ಸ್ವಿಂಗನ್ನೇ ಹೊಸದಾಗಿ ಕಟ್ಟಿಕೊಂಡಿದ್ದು ಎರಡು ವರ್ಷದ ಶ್ರಮ, ಅದರ ಫಲ 1987ರ ಓಪನ್ ಚಾಂಪಿಯನ್‌ಶಿಪ್, ಕೊನೆಯ ದಿನ 18 ಹೋಲ್‌ಗಳಲ್ಲೂ ಪಾರ್, ಅಂದರೆ ಪ್ರತಿ ಹೋಲಿಗೆ ನಿಗದಿಯಾದಷ್ಟೇ ಹೊಡೆತ. ಅವರಿಗೆ ಅದೇ ಕಸುಬು, ದಿನವಿಡೀ ಸಮಯವಿತ್ತು. ವಾರಕ್ಕೆ ಎರಡು ಸಂಜೆ ಸಿಗುವ ನನ್ನಂಥವರಿಗೆ ಇದ್ದದ್ದರಲ್ಲೇ ಸರಿಪಡಿಸಿಕೊಡುವ ಗುರು ಬೇಕು.

ಇನ್ನೊಂದು ಸಂಗತಿ, ಪಾಠದ ಭಾಷೆ. ಮೊಣಕೈ ಹೀಗೆ, ಮಣಿಕಟ್ಟು ಹಾಗೆ ಎನ್ನುವ ಬದಲು ನನ್ನ ಕೋಚ್ ಕ್ಲಬ್ಬಿನ ಮಾತೇ ಆಡುತ್ತಿದ್ದರು: ಕ್ಲಬ್ಬಿನ ತುದಿ ಆ ಕಂಬದ ಬಲಕ್ಕೆ ಹೋಗಲಿ, ಕ್ಲಬ್ಬಿನ ಅಡಿ ಹುಲ್ಲನ್ನು ಸವರಲಿ. ಸಂಶೋಧಕಿ ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂದೂ ಗಾಲ್ಫ್ ಆಡದವರಿಗೆ ಪಿಚ್ ಹೊಡೆತ (ಹತ್ತಿರದ ಗುರಿಗೆ ಎತ್ತಿ ಹೊಡೆಯುವುದು) ಕಲಿಸಿದಾಗ, ತೋಳಿನ ಚಲನೆಯ ಮೇಲೆ ಗಮನ ಇಟ್ಟವರಿಗಿಂತ ಕ್ಲಬ್ಬಿನ ಚಲನೆಯ ಮೇಲೆ ಗಮನ ಇಟ್ಟವರು ಗುರಿಗೆ ಹತ್ತಿರ ಹೊಡೆದರು. ಮೈಯನ್ನು ಅದರ ಪಾಡಿಗೆ ಬಿಟ್ಟರೆ ಅದು ದಾರಿ ಹುಡುಕಿಕೊಳ್ಳುತ್ತದೆ ಅನ್ನುವುದು ನನ್ನ ಅನುಭವವೂ ಹೌದು.

ಪಾಠಕ್ಕೂ ಪಾಠಕ್ಕೂ ನಡುವೆ ಎರಡು ವಾರವಾದರೂ ಇರಲಿ. ಕಲಿತದ್ದು ಕೂರುವುದು ಆ ನಡುವಿನ ದಿನಗಳಲ್ಲೇ. ಫೋನಿನಲ್ಲಿ ವಿಡಿಯೋ ತೆಗೆಯುವುದಾದರೆ ಎರಡೇ ಕೋನ ಸಾಕು, ಎದುರಿನಿಂದ ಒಂದು, ಗುರಿಯ ನೇರಕ್ಕೆ ಹಿಂದಿನಿಂದ ಒಂದು, ಎರಡೂ ಕೈಯ ಎತ್ತರದಲ್ಲಿ. ಕೋನ ಸ್ವಲ್ಪ ಓರೆಯಾದರೂ ಕ್ಲಬ್ಬಿನ ದಾರಿ ಸುಳ್ಳು ಹೇಳುತ್ತದೆ. ಹೊಸ ಪಾಠ ಕೈಗೆ ಹತ್ತುವವರೆಗೆ ಒಂದೇ ಕ್ಲಬ್ಬಿನಲ್ಲಿ ಹೊಡೆಯುತ್ತೇನೆ, ಆಮೇಲೆ ಪ್ರತಿ ಚೆಂಡಿಗೂ ಕ್ಲಬ್ ಮತ್ತು ಗುರಿ ಎರಡನ್ನೂ ಬದಲಾಯಿಸುತ್ತೇನೆ. ಆಟದಲ್ಲಿ ಒಂದೇ ಹೊಡೆತ ಎರಡು ಸಲ ಬರುವುದು ಅಪರೂಪ. ಕ್ಲಬ್ ಕೊಳ್ಳಲು ಅವಸರ ಬೇಡ. ನಿಯಮದಂತೆ 14 ಕ್ಲಬ್ ಇಟ್ಟುಕೊಳ್ಳಬಹುದು, ಆದರೆ ಶುರುವಿನಲ್ಲಿ ಆರೇಳು ಸಾಕು.

ಕಲಿಸುವವರು ಪಟ್ಟಿಂಗ್ ಗ್ರೀನಿಗೂ ಕರೆದೊಯ್ಯುತ್ತಾರೆಯೇ ನೋಡಿ. ಗ್ರೀನ್ ಅಂದರೆ ಗುಳಿಯ ಸುತ್ತಲಿನ ನುಣುಪು ಹುಲ್ಲು, ಅಲ್ಲಿ ಚೆಂಡನ್ನು ಗುಳಿಗೆ ಉರುಳಿಸುವ ಹೊಡೆತವೇ ಪಟ್. ಪಾರ್ 72ರ ಲೆಕ್ಕದಲ್ಲಿ ಹೋಲಿಗೆ ಎರಡರಂತೆ 36 ಹೊಡೆತ ಪಟ್‌ಗಳಿಗೇ ಮೀಸಲು. ಅರ್ಧ ಆಟವನ್ನು ಕಲಿಸದೆ ಬಿಡುವ ಪಾಠ ಪೂರ್ಣವಲ್ಲ. ಅಮೆರಿಕದ ಹೆಸರಾಂತ ಕೋಚ್ ಹಾರ್ವಿ ಪೆನಿಕ್ ತಮ್ಮ ಹಾಸಿಗೆಯಿಂದಲೇ ಶಿಷ್ಯ ಬೆನ್ ಕ್ರೆನ್‌ಶಾಗೆ ಕೊನೆಯದಾಗಿ ಕೊಟ್ಟ ಪಾಠವೂ ಪಟ್ಟಿಂಗ್‌ನದೇ. 1995ರ ಏಪ್ರಿಲ್‌ನಲ್ಲಿ ಪೆನಿಕ್ ತೀರಿಕೊಂಡರು, ಅದೇ ವಾರ ಗುರುವಿನ ಶವಕ್ಕೆ ಹೆಗಲು ಕೊಟ್ಟು ಬಂದ ಕ್ರೆನ್‌ಶಾ ಮೇಜರ್‌ಗಳಲ್ಲಿ ಒಂದಾದ ಮಾಸ್ಟರ್ಸ್ ಗೆದ್ದರು. ಟಾಮ್ ಕೈಟ್ ಕೂಡ ಪೆನಿಕ್ ಶಿಷ್ಯರೇ, ಆದರೆ ಒಬ್ಬರ ಪಾಠವನ್ನು ಇನ್ನೊಬ್ಬರು ನೋಡಲು ಪೆನಿಕ್ ಬಿಡುತ್ತಿರಲಿಲ್ಲ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ರೇಂಜಿನ ಪಾಠಗಳು ಒಂದು ಹದಕ್ಕೆ ಬಂದ ಮೇಲೆ ಕೋಚ್ ನನ್ನನ್ನು ಕೋರ್ಸಿಗೆ ಕರೆದುಕೊಂಡು ಹೋದರು. ಒಂಬತ್ತು ಹೋಲ್, ಸ್ವಿಂಗ್ ಬಗ್ಗೆ ಒಂದು ಮಾತೂ ಇಲ್ಲ. ಒಂದು ಕಡೆ ಗ್ರೀನಿನ ಎಡಕ್ಕೆ ನೀರು, ಮುಂದೆ ಬಂಕರ್ (ಮರಳಿನ ಗುಂಡಿ), ಪಿನ್ (ಗುಳಿಯ ಬಾವುಟ ಕಂಬ) ಬಂಕರಿನ ಹಿಂದೆಯೇ. ನಾನು ಪಿನ್ನಿಗೆ ಗುರಿಯಿಟ್ಟು ನಿಂತಿದ್ದೆ. "ಮೇಡಂ, ನಿಮ್ಮ ಹತ್ತು ಹೊಡೆತದಲ್ಲಿ ಎಷ್ಟು ಅಲ್ಲಿಗೆ ಮುಟ್ಟುತ್ತವೆ?" ಅಂದರು. ಯೋಚಿಸಿದೆ, ಎರಡೋ ಮೂರೋ. "ಗ್ರೀನಿನ ನಡುವಿಗೆ?" ಆರೇಳಾದರೂ. ಒಂದು ಕ್ಲಬ್ ದೊಡ್ಡದು ತೆಗೆದುಕೊಂಡು ಗ್ರೀನಿನ ನಡುವಿಗೆ ಹೊಡೆದೆ, ಎರಡು ಪಟ್‌ನಲ್ಲಿ ಮುಗಿಸಿದೆ. ಆ ಹೊತ್ತಿನಲ್ಲಿ ಕಲಿತದ್ದು ರೇಂಜಿನಲ್ಲಿ ಎಷ್ಟು ಚೆಂಡು ಹೊಡೆದರೂ ಸಿಗುತ್ತಿರಲಿಲ್ಲ. ಅಂದಿನಿಂದ ನಾಲ್ಕೈದು ಪಾಠಕ್ಕೊಮ್ಮೆ ಒಂದನ್ನು ಕೋರ್ಸಿನಲ್ಲೇ ಮಾಡೋಣ ಎಂದು ಕೇಳಿಕೊಂಡಿದ್ದೇನೆ. ಹೊಸದಾಗಿ ಕೋಚ್ ಹುಡುಕುವವರೂ ಸೇರುವ ಮೊದಲೇ ಇದನ್ನು ಕೇಳಿಟ್ಟುಕೊಳ್ಳಿ, ಕೆಲವರು ರೇಂಜ್ ಬಿಟ್ಟು ಬರುವುದೇ ಇಲ್ಲ.