ಹಿಮ್ಮಡಿ ಮೇಲಿನ ನೋವಿಗೆ ಜಗಲಿ ಮೆಟ್ಟಿಲು

ಅಡಿಕೆ ಸುಗ್ಗಿ ಮುಗಿಯಿತು ಅಂದರೆ ತೀರ್ಥಹಳ್ಳಿ, ಹೊಸನಗರದ ಕಡೆ ಹಳ್ಳಿಗಳಲ್ಲಿ ರಾತ್ರಿ ವಾಲಿಬಾಲ್ ಶುರು. ಮಳೆ, ಕೊಯ್ಲು ಅಂತ ಏಳೆಂಟು ತಿಂಗಳು ಚೆಂಡು ಮುಟ್ಟದವರೂ ಒಂದೇ ರಾತ್ರಿ ನಾಲ್ಕೈದು ಮ್ಯಾಚ್ ಆಡಿಬಿಡುತ್ತಾರೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಊರುವಾಗ ಹಿಮ್ಮಡಿ ಮೇಲ್ಗಡೆ ಹಿಡಿದುಕೊಳ್ಳುತ್ತದೆ. ನನಗೂ ಹೀಗೇ ಆಗಿತ್ತು. ಸುಮ್ನೆ ರೆಸ್ಟ್ ಮಾಡು ಅಂದರು, ಎರಡು ತಿಂಗಳು ಮಾಡಿದೆ. ನೋವು ಹೋಯಿತು. ಮೊದಲ ಸ್ಮ್ಯಾಶ್‌ಗೆ ಹಾರಿ ಇಳಿದ ಕೂಡಲೇ ವಾಪಸ್ ಬಂತು.

ಊರಲ್ಲಿ ಇದಕ್ಕೆ ‘ನರ ಹಿಡಿದಿದೆ’ ಅನ್ನುತ್ತಾರೆ. ಅಸಲಿಗೆ ಅದು ನರ ಅಲ್ಲ. ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ಅಕಿಲಿಸ್ ಟೆಂಡನ್. ಕೊಲ್ಯಾಜನ್ ಅನ್ನುವ ಪ್ರೋಟೀನಿನ ಎಳೆಗಳನ್ನು ಒತ್ತಾಗಿ ಸೇರಿಸಿದ ಹುರಿಹಗ್ಗ ಅಂದುಕೊಳ್ಳಿ. ಕಾಲೂರಿದಾಗ ಸ್ವಲ್ಪ ಹಿಗ್ಗಿ, ಚಿಮ್ಮುವಾಗ ಸ್ಪ್ರಿಂಗಿನ ಹಾಗೆ ಆ ಶಕ್ತಿಯನ್ನು ವಾಪಸ್ ಕೊಡುತ್ತದೆ. ಓಡುವಾಗ ಇದರ ಮೇಲೆ ಮೈತೂಕದ 6ರಿಂದ 8 ಪಟ್ಟು ಭಾರ ಬೀಳುತ್ತದೆ. 60 ಕೆ.ಜಿ. ತೂಗುವವರಿಗೆ ಹೆಜ್ಜೆಹೆಜ್ಜೆಗೂ ಆರೇಳು ಅಡಿಕೆ ಮೂಟೆ!

ಮಾಂಸಖಂಡ ಕೆಲವೇ ವಾರದಲ್ಲಿ ಗಟ್ಟಿಯಾಗುತ್ತದೆ. ಟೆಂಡನ್‌ಗೆ ತಿಂಗಳುಗಳೇ ಬೇಕು. ಹಿಂದೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ವಿಕಿರಣ ಸೂಸುವ ಕಾರ್ಬನ್ ನಮ್ಮ ಮೈಯಲ್ಲೂ ಸೇರಿಕೊಂಡಿದೆ. ಅದನ್ನೇ ಅಳೆದು ಡೆನ್ಮಾರ್ಕ್‌ನ ಸಂಶೋಧಕರು 2013ರಲ್ಲಿ ಒಂದು ವಿಷಯ ಕಂಡುಕೊಂಡರು: ಅಕಿಲಿಸ್ ಟೆಂಡನ್‌ನ ಒಳತಿರುಳು ಸುಮಾರು 17 ವಯಸ್ಸಿನ ಹೊತ್ತಿಗೆ ಕಟ್ಟಿ ಮುಗಿದಿರುತ್ತದೆ, ಆಮೇಲೆ ಹೊಸದಾಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಇರುವುದನ್ನೇ ಭಾರ ಹೊರಲು ಪಳಗಿಸಬೇಕು. ರೆಸ್ಟ್‌ನಿಂದ ಅದು ಆಗಲ್ಲ.

ದಾರಿ ತೋರಿಸಿದ್ದು ಸ್ವೀಡನ್‌ನ ಮೂಳೆ ವೈದ್ಯ ಹೋಕನ್ ಆಲ್ಫ್ರೆಡ್‌ಸನ್. ಅವರಿಗೇ ಈ ನೋವಿತ್ತು. ಆಪರೇಷನ್ ಮಾಡಲು ಅವರ ಮೇಲಿನವರು ಒಪ್ಪಲಿಲ್ಲ. ಟೆಂಡನ್ ಇನ್ನಷ್ಟು ಕೆಟ್ಟರಾದರೂ ಆಪರೇಷನ್ ಮಾಡಿಯಾರು ಅಂತ ಅದರ ಮೇಲೆ ಭಾರ ಹಾಕತೊಡಗಿದರು. ನೋವೇ ಹೋಯಿತು! 1998ರಲ್ಲಿ 15 ಮಂದಿ ಹವ್ಯಾಸಿ ಆಟಗಾರರ ಮೇಲೆ ಪ್ರಯೋಗಿಸಿದ್ದನ್ನು ಪ್ರಕಟಿಸಿದರು. 12 ವಾರಕ್ಕೆ ಹದಿನೈದೂ ಮಂದಿ ಮತ್ತೆ ಓಡುತ್ತಿದ್ದರು.

ಈಗ ಮಾಡುವ ಕ್ರಮ. ಜಗಲಿ ಮೆಟ್ಟಿಲು ಸಾಕು. ಆದರೆ ನಮ್ಮ ಕಡೆ ಮೆಟ್ಟಿಲಿಗೆ ಪಾಚಿ ಕಟ್ಟಿರುತ್ತದಲ್ವಾ, ಮೊದಲು ತಿಕ್ಕಿ ತೊಳೆದು ಒಣಗಿಸಿ. ಶೂ ಹಾಕಿ, ಕಂಬ ಹಿಡಿದುಕೊಳ್ಳಿ.

1. ಎರಡೂ ಪಾದದ ಮುಂಭಾಗ ಮೆಟ್ಟಿಲ ಅಂಚಿನಲ್ಲಿ, ಹಿಮ್ಮಡಿ ಹೊರಗೆ. ಒಳ್ಳೆ ಕಾಲಿನ ಬಲದಿಂದ ತುದಿಗಾಲಿಗೆ ಏರಿ.

2. ಭಾರವೆಲ್ಲ ನೋವಿನ ಕಾಲಿಗೆ ಕೊಟ್ಟು ಒಳ್ಳೆ ಕಾಲು ಎತ್ತಿ. ಮನಸ್ಸಿನಲ್ಲೇ ಮೂರು ಎಣಿಸುತ್ತಾ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗಿಳಿಸಿ. ದಡಕ್ಕನೆ ಇಳಿದರೆ ಲೆಕ್ಕಕ್ಕಿಲ್ಲ. ಮತ್ತೆ ಏರುವುದು ಒಳ್ಳೆ ಕಾಲಿನ ಕೆಲಸ.

3. ಮಂಡಿ ನೇರ ಇಟ್ಟು 15 ಸಲ, ಮೂರು ಸುತ್ತು. ಆಮೇಲೆ ಮಂಡಿ ಸ್ವಲ್ಪ ಮಡಚಿ ಅಷ್ಟೇ. ಮಡಚಿದರೆ ಒಳಗಿನ ಖಂಡಕ್ಕೆ ಜಾಸ್ತಿ ಕೆಲಸ. ದಿನಕ್ಕೆ ಎರಡು ಹೊತ್ತು, 12 ವಾರ.

4. ನೋವಿಲ್ಲದೆ ಬಂತೇ? ಮಕ್ಕಳ ಸ್ಕೂಲ್ ಬ್ಯಾಗಿಗೆ 5 ಕೆ.ಜಿ. ಅಕ್ಕಿ ತುಂಬಿ ಬೆನ್ನಿಗೆ ಹಾಕಿಕೊಳ್ಳಿ.

ದಿನಕ್ಕೆ 180 ಸಲ ಅಂದರೆ ಬೇಜಾರೇ. ಶಿವಮೊಗ್ಗದಲ್ಲಿ ಜಿಮ್‌ಗೆ ಹೋಗುವವರು ವಾರಕ್ಕೆ ಮೂರು ದಿನ ಭಾರ ಜಾಸ್ತಿ ಇಟ್ಟು ನಿಧಾನವಾಗಿ ಹಿಮ್ಮಡಿ ಏರಿಸಿ ಇಳಿಸಿದರೂ ನಡೆಯುತ್ತದೆ. 2015ರ ಒಂದು ಅಧ್ಯಯನದಲ್ಲಿ ಎರಡರ ಫಲವೂ ಹೆಚ್ಚುಕಡಿಮೆ ಒಂದೇ ಇತ್ತು.

ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಹತ್ತಕ್ಕೆ ಐದು ಅಂಕದೊಳಗಿದ್ದು, ಮಾರನೇ ಬೆಳಿಗ್ಗೆ ಇಳಿದಿದ್ದರೆ ಸರಿ. ಇಳಿಯದಿದ್ದರೆ ಭಾರ ಕಡಿಮೆ ಮಾಡಿ. ನೋವು ಟೆಂಡನ್ ಮೂಳೆಗೆ ಅಂಟಿದ ಜಾಗದಲ್ಲೇ ಇದ್ದರೆ ಮೆಟ್ಟಿಲು ಬೇಡ, ನೆಲದ ಮೇಲೇ ಮಾಡಿ. ಹಿಂದಿನಿಂದ ಯಾರೋ ಒದ್ದ ಹಾಗೆ ‘ಟಪ್’ ಅಂದು ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಟೆಂಡನ್ ಹರಿದಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ. ಎಣ್ಣೆ ತಿಕ್ಕುವುದು ಬೇಡ ಅನ್ನಲ್ಲ, ಹಿತವಾಗಿರುತ್ತದೆ. ಹಗ್ಗ ಮಾತ್ರ ಅದರಿಂದ ಗಟ್ಟಿಯಾಗಲ್ಲ.

ಹಾರುವುದು ಕೊನೆಗೆ. ಮೊದಲು ಎರಡೂ ಕಾಲಲ್ಲಿ ಸ್ಕಿಪ್ಪಿಂಗ್, ಆಮೇಲೆ ಒಂಟಿ ಕಾಲಲ್ಲಿ. ನಾನು ಕೋರ್ಟಿಗಿಳಿದದ್ದು 14ನೇ ವಾರ. ಮೊದಲ ಹದಿನೈದು ದಿನ ಚೆಂಡು ಎತ್ತಿಕೊಡುವ ಲಿಫ್ಟರ್ ಆಗಿ ನಿಂತೆ. ಸ್ಮ್ಯಾಶ್ ಹೊಡೆಯಲು ಹುಡುಗರಿದ್ದರು.